ಕೊಳದ ಗೋಡೆಯ ಕೆಳಗಿನ ಎರಡು ಸಾಲು

‘ನನ್ನ ಊಹೆ ಸರಿಯಾಗಿದ್ದರೆ ಮೇಸ್ತ್ರಿಯದು ತಪ್ಪು. ಅದನ್ನು ಅವರೆದುರು ಹೇಳುವ ಬಾಯಿ ನನಗಿಲ್ಲ.’ ಡೈರಿಯಲ್ಲಿ ಇಷ್ಟು ಬರೆದು, ಹೊಡೆದುಹಾಕಿ, ಮತ್ತೆ ಅದನ್ನೇ ಬರೆಯುವಷ್ಟರಲ್ಲಿ ಬೆನೆದೀತಳ ರೈಲು ಲಿಸ್ಬನ್ ದಾಟಿ ಅರಮನೆಯ ನಿಲ್ದಾಣಕ್ಕೆ ಬಂದಿತ್ತು. ಇವತ್ತು ಗಾರೆ ಕಲಸುವ ದಿನ. ಗಾರೆಯಲ್ಲಿ ಕೂತ ಟೈಲನ್ನು ಇನ್ನು ನೂರು ವರ್ಷ ಯಾರೂ ಅಲುಗಿಸುವುದಿಲ್ಲ.

ಅರಮನೆ ತೋಟದ ಕೊಳದ ಗೋಡೆಗೆ ನೀಲಿ ಟೈಲುಗಳ ಚಿತ್ರವೊಂದಿತ್ತು. ದೋಣಿಯಲ್ಲಿ ಅಗಲ ಟೋಪಿಯ ಹೆಂಗಸು, ಹುಟ್ಟು ಹಾಕುವ ಇಬ್ಬರು ಗಂಡಸರು. ಕೆಳಗಿನ ಎರಡು ಸಾಲು ಮಾತ್ರ ನೀರೂ ಅಲ್ಲದ, ಮೋಡವೂ ಅಲ್ಲದ ಗೀಚು. ಅಲ್ಲಿಗೆ ಬರುವಷ್ಟರಲ್ಲಿ ಚಿತ್ರಕಾರನಿಗೆ ವೈನ್ ಏರಿತ್ತು ಎಂದು ಊರೆಲ್ಲ ನಗುತ್ತಿತ್ತು.

ತೇವ ಹಿಡಿದ ಗೋಡೆಯಿಂದ ಟೈಲುಗಳನ್ನು ಬಿಡಿಸಿದಾಗ, ಅವುಗಳ ಬೆನ್ನಿನ ಹಳೆ ಗಾರೆ ಕೆರೆಯುವ ಕೆಲಸ ಹೊಸಬಳಾದ ಬೆನೆದೀತಳ ಪಾಲಿಗೆ ಬಂತು. ಗಾರೆಯಡಿ ಚಿತ್ರಕಾರನ ಗುರುತುಗಳಿದ್ದವು: ಸಾಲಿಗೊಂದು ಅಕ್ಷರ, ಟೈಲಿಗೊಂದು ಅಂಕಿ. ಮೇಲಿನ ಸಾಲುಗಳಲ್ಲಿ ಒಂದನೆಯ ಟೈಲು ಎಡತುದಿಯಲ್ಲಿತ್ತು, ಕೆಳಗಿನ ಎರಡರಲ್ಲಿ ಬಲತುದಿಯಲ್ಲಿ. ಹಿಂದೆಂದೋ ಆ ಎರಡು ಸಾಲು ರಿಪೇರಿ ಮಾಡಿದವರು ಟೈಲುಗಳನ್ನು ಬೋರಲು ಹಾಕಿ, ಬೆನ್ನಿನ ಅಂಕಿ ನೋಡಿ ಜೋಡಿಸಿದ್ದಿರಬೇಕು. ಮಗುಚಿದಾಗ ಎಡ ಬಲವಾಗಿತ್ತು. ಅಥವಾ ಚಿತ್ರಕಾರನೇ ಬಲದಿಂದ ಎಣಿಸಿದ್ದನೋ? ಈ ಅನುಮಾನ ಅವಳ ನಾಲಿಗೆ ಕಟ್ಟಿತ್ತು.

“ಏನ್ ಡಾಕ್ಟ್ರಮ್ಮ, ಮುಖ ಒಣಮೀನಿನ ಥರ ಆಗಿದೆ?” ಸುಣ್ಣ ಮರಳು ಕಲಸುತ್ತಿದ್ದ ಜುಲ್ಮೀರಾ ಕೇಳಿದಳು. ಡಿಗ್ರಿ ಇದ್ದವರೆಲ್ಲ ಅಲ್ಲಿ ಡಾಕ್ಟರುಗಳೇ. “ಬಾಯಿ ಬಿಟ್ರೆ ಮುತ್ತು ಉದುರಿ ಹೋಗುತ್ತಾ?”

“ಬಿಡೇ ಅವಳನ್ನ,” ಎಂದರು ಮೇಸ್ತ್ರಿ ಅಲ್ಬೆರ್ತಿನು. “ಕೆಳಗಿನ ಸಾಲು ತಾರಮ್ಮಾ. ಬಿಡಿಸೋ ಮುಂಚೆ ತೆಗೆದ ಫೋಟೋದಲ್ಲಿ ಹೆಂಗಿತ್ತೋ ಹಂಗೇ.”

“ಮೇಸ್ತ್ರಿ, ಅದು...”

“ಏನು?”

“ಏನಿಲ್ಲ.”

ನಾಲಿಗೆ ಏಳಲಿಲ್ಲ, ಕೈ ಎದ್ದಿತು. ಅವಳು ಜಲ್ಲಿಕಲ್ಲಿನ ಮೇಲೆ ಮಂಡಿಯೂರಿ, ಒಂದನೆಯ ಟೈಲನ್ನು ಎಡಗಡೆ ಇಟ್ಟಳು. ಪಕ್ಕದಲ್ಲಿ ಎರಡನೆಯದು.

“ಅಯ್ಯೋ, ಉಲ್ಟಾ ಇಡ್ತಿದಾಳೆ! ಇಷ್ಟೆಲ್ಲ ಓದಿ ಎಡ ಯಾವ್ದು ಬಲ ಯಾವ್ದು ಗೊತ್ತಿಲ್ಲ ನೋಡ್ರೀ!” ಜುಲ್ಮೀರಾ ಕೂಗಿದಳು.

ಐದನೆಯದಕ್ಕೆ ಒಂದು ಗೀಚು ಇನ್ನೊಂದಕ್ಕೆ ಸೇರಿ ಟೋಪಿಯ ಅಂಚಾಯಿತು. ಏಳನೆಯದಕ್ಕೆ ತಲೆಕೆಳಗಾದ ಒಂದು ಕಣ್ಣು ಅವಳನ್ನೇ ನೋಡಿತು. ಎರಡನೆಯ ಸಾಲೂ ತುಂಬುವ ಹೊತ್ತಿಗೆ ಮೇಸ್ತ್ರಿ ಕರಣೆ ಬಿಟ್ಟು, ಸುತ್ತು ಹಾಕಿ ಅವಳ ಎದುರು ಬದಿಗೆ ಬಂದು ಬಗ್ಗಿದ್ದರು.

“ದೇವರೇ! ಇದು ದೋಣಿಯವಳೇ ಕಣೇ ಜುಲ್ಮೀರಾ! ನೀರಲ್ಲಿ ಅವಳ ನೆರಳು!”

“ಎಲ್ಲಿ? ಅಯ್ಯಯ್ಯೋ, ಹುಟ್ಟು ಹಾಕೋರೂ ಇದಾರೆ! ನಗ್ತಿದಾಳೆ ನೋಡ್ರೀ, ತಲೆಕೆಳಗಾಗಿ ನಗ್ತಿದಾಳೆ!” ಜುಲ್ಮೀರಾ ಸುಣ್ಣದ ಕೈಯಲ್ಲೇ ಬೆನೆದೀತಳನ್ನು ಬಾಚಿ ತಬ್ಬಿಕೊಂಡಳು. ತೋಟದ ಮಾಲಿಗಳು ಕತ್ತರಿ ಎಸೆದು ಓಡಿಬಂದರು. ಚಪ್ಪಾಳೆ, ಶಿಳ್ಳೆ. ಕೊಳದ ಬಾತುಗಳು ಗಾಬರಿಬಿದ್ದವು.

ಮೇಸ್ತ್ರಿ ಟೋಪಿ ತೆಗೆದು ಟೈಲುಗಳ ಮುಂದೆ ನಿಂತರು. “ನಲವತ್ತು ವರ್ಷದಿಂದ ನಿನ್ನ ಕುಡುಕ ಅಂತ ಆಡ್ಕೊಂಡಿದೀನಪ್ಪ. ಕ್ಷಮಿಸ್ಬಿಡು.”

ಗದ್ದಲಕ್ಕೆ ಅರಮನೆಯ ಮೇಲ್ವಿಚಾರಕಿ ದೊನಾ ಎರ್ಮೀನಿಯಾ ಮೆಟ್ಟಿಲಿಳಿದು ಬಂದರು. ಟೈಲುಗಳನ್ನು ನೋಡಿದರು, ಕೈಯಲ್ಲಿದ್ದ ಫೋಟೋ ನೋಡಿದರು. “ಒಪ್ಪಿಗೆ ಸಿಕ್ಕಿರೋದು ಈ ಫೋಟೋದ ಥರ ಕೂರಿಸೋಕೆ. ಬೇರೆ ಥರ ಅಂತ ಹೇಳಿದ್ಯಾರು? ನೀವಾ, ಅಲ್ಬೆರ್ತಿನು?”

ಮೇಸ್ತ್ರಿ ಬಾಯಿ ತೆರೆದರು. ಬೆನೆದೀತಳ ಕಡೆ ಒಮ್ಮೆ ನೋಡಿ, ಅವಳಿಗೆ ಜಾಗ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದರು.

ಬೆನೆದೀತ ಎದ್ದು ನಿಂತಳು. ಅವಳ ದನಿ ಕೊಳದ ಆಚೆ ದಂಡೆಗೂ ಕೇಳಿಸಿತು.

“ನಾನು ಹೇಳಿದ್ದು. ಗೋಡೆ ಮೇಲಿದ್ದದ್ದು ತಪ್ಪು, ಮೇಡಂ. ಇದೇ ಸರಿ.”