ಹತ್ತಿಕಾಳಿನ ತುಪ್ಪ

ಬೇವೂರಿನ ತುಪ್ಪ ಮತ್ತೆ ವೃತ್ತದ ಹೊರಗೇ ಬಿತ್ತು.

ತಸ್ಲೀಮಾ ಕೊಪ್ಪಳದ ಖಾಸಗಿ ಆಹಾರ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕಿದ್ದಳು. ಅಲ್ಲಿನ ಯಂತ್ರ ಕರಗಿಸಿದ ತುಪ್ಪದೊಳಗೆ ಬೆಳಕು ಹಾಯಿಸಿ, ಯಾವ ತರಂಗದ ಬೆಳಕನ್ನು ಅದು ಎಷ್ಟು ಹೀರಿತು ಎಂಬುದನ್ನು ನೂರಾರು ಅಂಕಿಗಳಲ್ಲಿ ಹೇಳುತ್ತದೆ. ಅಷ್ಟು ಅಂಕಿಗಳನ್ನು ಕಣ್ಣಳತೆಯಲ್ಲಿ ಹೋಲಿಸಲಾಗದು. ಪ್ರಧಾನ ಘಟಕ ವಿಶ್ಲೇಷಣೆ ಎಂಬ ಲೆಕ್ಕ ತುಪ್ಪತುಪ್ಪಗಳ ನಡುವೆ ಹೆಚ್ಚು ವ್ಯತ್ಯಾಸ ಕಾಣುವ ಎರಡು ದಿಕ್ಕುಗಳನ್ನು ಹುಡುಕಿ, ಒಂದೊಂದು ತುಪ್ಪವನ್ನೂ ಪರದೆಯ ಮೇಲೆ ಒಂದೊಂದು ಚುಕ್ಕೆಯಾಗಿ ಇಡುತ್ತದೆ. ಶುದ್ಧ ತುಪ್ಪದ ಚುಕ್ಕೆ ಅಲ್ಲಿ ಮೊದಲೇ ಎಳೆದಿಟ್ಟ ವೃತ್ತದೊಳಗೆ ಬೀಳಬೇಕು. ಅವಳು ಗಾಜು ಒರೆಸಿ, ತುಪ್ಪ ಕರಗಿಸಿ, ಮತ್ತೆ ಮತ್ತೆ ನೋಡಿದ್ದಳು.

ಗಂಗಾವತಿಯ ಮಿಠಾಯಿ ಅಂಗಡಿಯ ಕೊಟ್ರಬಸಪ್ಪ, ಪರೀಕ್ಷೆಯಲ್ಲಿ ಪಾಸಾದರೆ ಬೇವೂರು ಮಹಿಳಾ ಸಂಘದ ಎಮ್ಮೆ ತುಪ್ಪ ಕೊಳ್ಳುತ್ತೇನೆ ಎಂದಿದ್ದ. ತುಪ್ಪ ಪಾಸಾಗಲಿಲ್ಲವೆಂಬ ಸುದ್ದಿ ತಿಳಿದು ಸಂಘದ ಕಳಕಮ್ಮ ಬಸ್ಸು ಹತ್ತಿ ಬಂದಳು.

“ನಾವ್ ಕಲಬೆರಕಿ ಮಾಡ್ತೀವಿ ಅಂತೀಯೇನವ್ವಾ?”

“ನಾ ಹಂಗ ಅಂದಿಲ್ರಿ ಅಕ್ಕಾ. ಮಷಿನ್ ತೋರಸಾಕತ್ತೈತಿ.”

“ಮಷಿನ್‌ಗೇನ್ ಬಾಯಿ ಐತೇನು? ಊರಾಗ ನಮ್ಮ ಹೆಸರು ಹೋಗೂದು.”

ತಸ್ಲೀಮಾಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಅವಳಿಗೇ ಗೊತ್ತಾಗಲಿಲ್ಲ. ಮುಂದಿನ ರವಿವಾರ ಬೇವೂರಿಗೆ ಹೋಗಿ, ಬೆಣ್ಣೆ ಕಾಸುವುದನ್ನು ಎದುರಿಗೇ ಕೂತು ನೋಡಿ, ಮನೆಮನೆಯ ತುಪ್ಪವನ್ನೂ ಸೀಸೆಗೆ ತುಂಬಿಕೊಂಡಳು. ಆ ತುಪ್ಪವೂ ವೃತ್ತದೊಳಗೆ ಬರಲಿಲ್ಲ. ಆಗ ಹೊಳೆದದ್ದು, ಗೋದಲಿಗಳ ಪಕ್ಕದ ಬಕೀಟುಗಳಲ್ಲಿ ನೆನೆಯುತ್ತಿದ್ದ ಹತ್ತಿಕಾಳು. ಹತ್ತಿಕಾಳು ತಿಂದ ಎಮ್ಮೆಯ ಹಾಲಿನ ಕೊಬ್ಬೇ ಬೇರೆಯಾಗಿರುತ್ತದೆ ಎಂದು ಕಾಲೇಜಿನಲ್ಲಿ ಓದಿದ್ದಳು. ಖಾತ್ರಿಗಾಗಿ ಒಳ್ಳೆಯ ತುಪ್ಪಕ್ಕೆ ತಾನೇ ವನಸ್ಪತಿ, ಪಾಮ್ ಎಣ್ಣೆ ಬೆರೆಸಿ ನೋಡಿದಳು. ಬೆರಕೆಯ ಚುಕ್ಕೆಗಳು ಒಂದು ಕಡೆಗೆ ಸರಿದವು. ಬೇವೂರಿನವು ಅವುಗಳ ಹತ್ತಿರವೂ ಸುಳಿಯದೆ ಬೇರೆಯೇ ಮೂಲೆಯಲ್ಲಿ ಗುಂಪುಗೂಡಿದವು.

ಅದನ್ನು ಮ್ಯಾನೇಜರ್ ಗುರುಬಸವನಿಗೆ ತೋರಿಸಿದಳು.

“ನಿನ್ನ ಮಾತು ಖರೇನ ಐತಿ,” ಎಂದ ಅವನು. “ಆದ್ರ ಈ ವೃತ್ತ ನಮ್ಮ ಪುಣೆ ಹೆಡ್ಡಾಫೀಸಿನವರು ಕೂಡ್ರಿಸಿದ್ದು. ಹತ್ತಿಕಾಳಿನ ತುಪ್ಪ ಅವರು ಅದರಾಗ ಸೇರಿಸೇ ಇಲ್ಲ. ನಾವ್ ಕೈ ಹಚ್ಚಾಕ ಬರಂಗಿಲ್ಲ.”

ಪುಣೆಗೆ ಬರೆದಳು. ಮುಂದಿನ ವರ್ಷ ನೋಡೋಣ ಎಂದು ಉತ್ತರ ಬಂತು. ಕೊಟ್ರಬಸಪ್ಪನಿಗೆ ಫೋನ್ ಮಾಡಿ ತುಪ್ಪ ಶುದ್ಧವಾಗಿಯೇ ಇದೆ ಎಂದಳು. “ನಾ ನಂಬ್ತೀನ್ರಿ. ಗಿರಾಕಿಗೆ ತೋರಸಾಕ ಪಾಸಾದ ರಿಪೋರ್ಟ್ ಬೇಕಲ್ರಿ?” ಎಂದ.

ಕಳಕಮ್ಮನಿಗೆ ಎಲ್ಲವನ್ನೂ ಬಿಡಿಸಿ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು. “ಹತ್ತಿಕಾಳು ಬಿಟ್ರ ಮಷಿನ್ ಒಪ್ಪತೈತೇನು?”

“ಒಪ್ಪಬಹುದ್ರಿ. ಆದ್ರ ನಿಮ್ದೇನೂ ತಪ್ಪಿಲ್ಲ ಅಕ್ಕಾ, ಯಾಕ ಬಿಡ್ತೀರಿ?”

“ತಪ್ಪಿಲ್ಲ ಅಂದ್ರ ತುಪ್ಪ ಮಾರಾಟ ಆಗತೈತೇನವ್ವಾ?”

ಸಂಘದ ಹೆಂಗಸರು ಹತ್ತಿಕಾಳು ನಿಲ್ಲಿಸಿ ಹೊಟ್ಟು, ಮೆಕ್ಕೆಜೋಳದ ನುಚ್ಚು ಹಾಕಿದರು. ಹಾಲು ಇಳಿಯಿತು. ಕೆಲವು ವಾರ ಕಳೆದು ಕಳಕಮ್ಮ ಹೊಸ ತುಪ್ಪ ತಂದಳು. ಚುಕ್ಕೆ ವೃತ್ತದೊಳಗೆ ಬಿತ್ತು. ತಸ್ಲೀಮಾ ಅದನ್ನೇ ನೋಡುತ್ತ ಕೂತಳು. ಒಂದಿಷ್ಟೂ ಖುಷಿಯಾಗಲಿಲ್ಲ.

ರಿಪೋರ್ಟ್ ಒಯ್ಯಲು ಕೊಟ್ರಬಸಪ್ಪ ತಾನೇ ಬಂದಿದ್ದ. ಓದಿ, ಮಡಚಿ ಜೇಬಿಗಿಟ್ಟು, ಪಕ್ಕದಲ್ಲಿ ನಿಂತಿದ್ದ ಕಳಕಮ್ಮನತ್ತ ನೋಡಿ ನಕ್ಕ. “ಹಂಗಾರ ಹಿಂದಿನ ಸಲ ಏನೋ ಬೆರಕಿ ಇತ್ತು ಅಂತಾತು.”

“ಇರಲಿಲ್ರಿ,” ಎಂದು ತಸ್ಲೀಮಾ ಶುರುಮಾಡಿದಳು. ಹತ್ತಿಕಾಳು, ಕೊಬ್ಬು, ಚುಕ್ಕೆಗಳ ಗುಂಪು, ಎಲ್ಲವನ್ನೂ ಹೇಳಿದಳು. ಅವನು ತಾಳ್ಮೆಯಿಂದ ಕೇಳಿ ತಲೆಯಾಡಿಸಿದ.

“ಹೋಗ್ಲಿ ಬಿಡ್ರಿ ಮೇಡಂ. ಈಗರ ಸುಧಾರಿಸ್ಯಾರಲ್ಲ.”

ಅವನು ಹೋದ ಮೇಲೂ ಅವಳ ಬಾಯಲ್ಲಿ ಅರ್ಧ ಮಾತು ಉಳಿದಿತ್ತು. “ಮತ್ತ ಫೋನ್ ಮಾಡಿ ತಿಳಿಸಿ ಹೇಳ್ತೀನ್ರಿ ಅಕ್ಕಾ,” ಎಂದಳು.

“ಬ್ಯಾಡವ್ವಾ,” ಎಂದಳು ಕಳಕಮ್ಮ, ಖಾಲಿ ಕ್ಯಾನು ಎತ್ತಿಕೊಳ್ಳುತ್ತ. “ನೀ ಹೇಳಿದಷ್ಟೂ ಅವರಿಗೆ ಸಂಶೆ ಹೆಚ್ಚಾಗತೈತಿ.”

ಬೇವೂರಿನ ಮೇಲೆ ಹೋಗುವ ಯಲಬುರ್ಗಾದ ಬಸ್ಸಿಗೆ ಹೊತ್ತಾಗಿತ್ತು. ಅವಳು ತಿರುಗಿ ನೋಡದೆ ಮೆಟ್ಟಿಲಿಳಿದಳು. ತಸ್ಲೀಮಾ ಒಳಗೆ ಬಂದು, ಮೂಲೆಯ ಆ ಗುಂಪಿನ ಚುಕ್ಕೆಗಳನ್ನು ಮತ್ತೊಮ್ಮೆ ಪುಣೆಗೆ ಕಳಿಸಿದಳು.