ಕಿವಿನೋವಿಗೂ ಅಪ್ಪಣೆ ಬೇಕೆಂದುಕೊಂಡವಳು

ನಾವು ಮಾತಿನಮಲ್ಲಿ ಎಂದು ಕರೆಯುವ ಹುಡುಗಿಯ ಕಿವಿ ಸೋರುತ್ತಿದ್ದುದು ನಮಗೆ ಗೊತ್ತಾಗಿದ್ದು ಅವಳು ನಮ್ಮ ಮನೆ ಬಿಟ್ಟ ನಾಲ್ಕನೇ ವಾರ, ಅವಳ ಬಾಡಿಗೆ ಕೋಣೆಗೆ ಹೋದಾಗ. ದಿಂಬಿನ ತುಂಬ ಹಳದಿ ಕಲೆ.

ಅವಳು ನಮ್ಮಮ್ಮ ಹೆತ್ತವಳಲ್ಲ. ಹದಿನೆಂಟು ತುಂಬುವವರೆಗೆ ಸಾಕಲೆಂದು ಮಕ್ಕಳ ಕಚೇರಿಯವರು ಒಂಬತ್ತನೇ ವಯಸ್ಸಿನಲ್ಲಿ ನಮಗೊಪ್ಪಿಸಿದ ಹುಡುಗಿ. ನನಗೆ ತಂಗಿಯೇ. ನಮ್ಮಲ್ಲಿದ್ದಷ್ಟು ದಿನ ಅವಳ ಹಲ್ಲು ಕೀಳಿಸಲೂ ಕಚೇರಿಯ ಪತ್ರ ಬೇಕಿತ್ತು. ಪತ್ರ ತರುವುದು, ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವುದು, ಎಲ್ಲಿ ನೋವೆಂದು ಹೇಳುವುದು, ಎಲ್ಲ ಅಮ್ಮನೇ. ಹದಿನೆಂಟು ತುಂಬಿತು. ಬಿಸ್ಕತ್ತು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಹೊರಟಳು.

"ಡಾಕ್ಟರ ಹತ್ರ ಯಾಕೆ ಹೋಗ್ಲಿಲ್ವೇ?" ಅಮ್ಮ ಕೇಳಿದಳು.

"ಯಾರನ್ನ ಕೇಳ್ಕೊಂಡು ಹೋಗ್ಲಿ? ಕಚೇರಿಯವರು ಇನ್ಮೇಲೆ ನೀನು ನಮ್ಮ ಪಟ್ಟಿಯಲ್ಲಿಲ್ಲ ಅಂದ್ರು. ನೀವೂ ಕಳಿಸಿಕೊಟ್ರಿ."

ಬೇಗ ಬಂದಿದ್ದರೆ ಉಳಿಸಬಹುದಿತ್ತು ಎಂದರು ವೈದ್ಯರು. ಎಡಗಿವಿ ಹೋಯಿತು.

ವಿಚಾರಿಸಲು ಬರುತ್ತಿದ್ದ ಕಚೇರಿಯ ಮೇಡಂ ಮೂರು ವರ್ಷ ಮೊದಲೇ ಹೇಳಿದ್ದರು. "ಚೀಟಿ ಅವಳೇ ಮಾಡಿಸ್ಲಿ, ಡಾಕ್ಟರಿಗೂ ಅವಳೇ ಹೇಳ್ಲಿ. ನೀವು ಸುಮ್ನೆ ಜೊತೆಗಿರಿ."

"ಅಯ್ಯೋ ಬಿಡಿ ಮೇಡಂ, ಅರಳು ಹುರಿದ ಹಾಗೆ ಮಾತಾಡೋಳು. ಇವಳಿಗೆ ನಾವು ಮಾತು ಕಲಿಸ್ಬೇಕಾ?" ಹೊಲಿಗೆ ಯಂತ್ರ ನಿಲ್ಲಿಸದೆಯೇ ಅಮ್ಮ ನಕ್ಕಿದ್ದಳು. ನಾನೂ ನಕ್ಕಿದ್ದೆ. ಹೊಸಬರ ಮುಂದೆ ನಾಲಿಗೆಯೇ ಏಳದ ನನಗಾದರೂ, ಮನೆಯಲ್ಲಿ ಎಷ್ಟೇ ಮಾತಾಡಿದರೂ ಹೊರಗೆ ಅವಳಿಗಿದ್ದ ಅಳುಕು ಹೊಳೆಯಬೇಕಿತ್ತು.

ಈಗ ನಮ್ಮ ಮನೆಯಲ್ಲಿ ಹೀಗೆಯೇ ಬಂದ ಹದಿನಾರರ ಇನ್ನೊಬ್ಬಳಿದ್ದಾಳೆ. ತೆಳ್ಳಗಿರುವುದಕ್ಕೆ ಅವಳನ್ನು ಕಡ್ಡಿ ಎನ್ನುತ್ತೇವೆ. ಕಳೆದ ವಾರ ಅವಳಿಗೆ ಜ್ವರ. ಕಚೇರಿಯ ಪತ್ರ ಅವಳ ಕೈಗೇ ಕೊಟ್ಟು ನಾವೆಲ್ಲ ಆಸ್ಪತ್ರೆಗೆ ಹೋದೆವು; ರಜೆಗೆ ಬಂದಿದ್ದ ಮಾತಿನಮಲ್ಲಿಯೂ ಜೊತೆಗಿದ್ದಳು. ಚೀಟಿ ಕೊಡುವ ಕಿಟಕಿಯ ಮುಂದೆ ಕಡ್ಡಿ ತಡವರಿಸಿದಳು. ಅಮ್ಮ ಬೆಂಚಿನಿಂದ ಅರ್ಧ ಎದ್ದೇಬಿಟ್ಟಳು. ಮಾತಿನಮಲ್ಲಿ ಅಮ್ಮನ ಸೆರಗು ಹಿಡಿದೆಳೆದಳು.

"ಕೂತ್ಕೋ ಅಮ್ಮ. ನನಗೆ ಮಾಡಿದ್ದು ಸಾಕು."

ಅಮ್ಮ ಕೂತಳು. ಕಣ್ಣೊರೆಸಿಕೊಂಡಳು, ಏಳಲಿಲ್ಲ. ಹತ್ತು ನಿಮಿಷವಾದ ಮೇಲೆ ಕಡ್ಡಿ ಚೀಟಿ ಹಿಡಿದು ಬಂದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಸಾಕಲು ಬಂದ ಮಗುವಿದ್ದರೆ ಹದಿನೆಂಟರವರೆಗೆ ಕಾಯಬೇಡಿ. ಆಸ್ಪತ್ರೆ, ಬ್ಯಾಂಕು, ಬಾಡಿಗೆ ಮನೆಯ ಮಾತುಕತೆ, ಎಲ್ಲವನ್ನೂ ನೀವು ಪಕ್ಕದಲ್ಲಿರುವಾಗಲೇ ಅದು ಮಾಡಿ ನೋಡಲಿ. ತಪ್ಪಿದರೆ ತಪ್ಪಲಿ, ತಿದ್ದಲು ನೀವಿದ್ದೀರಿ. ಹೊರಡುವಾಗ ಕಾಗದಪತ್ರವೆಲ್ಲ ಅದರ ಕೈಗೇ ಕೊಡಿ. ಜೊತೆಗೆ ಬಾಯಿಬಿಟ್ಟು ಹೇಳಿ: ಇನ್ನು ಯಾರ ಅಪ್ಪಣೆಯೂ ಬೇಡ, ಆದರೆ ಏನೇ ಆದರೂ ನಮಗೆ ಹೇಳು, ಯಾವಾಗ ಬೇಕಾದರೂ ಬಾ.

ಅವಳಿಗೆ ಗೊತ್ತೇ ಇರುತ್ತದೆ ಎಂದುಕೊಂಡು ನಾವು ಹೇಳಲಿಲ್ಲ. ನೀವು ಇವತ್ತೇ ಹೇಳಿ.