ಕಣ್ಣು ಬಿಟ್ಟವರು

ಗುಲ್ಷನ್ ನೋಡಿಬಿಟ್ಟಳು.

ಮುನ್ನೂರು ಮಕ್ಕಳು ಕೈಕಟ್ಟಿ, ಕಣ್ಣು ಮುಚ್ಚಿ ನಿಂತಿದ್ದ ಬೆಳಗಿನ ಪ್ರಾರ್ಥನೆಯಲ್ಲಿ ಮೇಷ್ಟ್ರು ಮಲ್ಲೇಶಪ್ಪನ ಕಣ್ಣು ಎಂದಿನಂತೆ ತೆರೆದಿತ್ತು. ತುಟಿ ಆಡುತ್ತಿತ್ತು, ದನಿ ಇರಲಿಲ್ಲ. ಎಂಟನೇ ಕ್ಲಾಸಿನ ಸಾಲಿನಲ್ಲಿ ಇನ್ನೆರಡು ಕಣ್ಣು ತೆರೆದಿದ್ದವು. ಅವನನ್ನೇ ನೋಡುತ್ತಿದ್ದವು.

ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕನ್ನು ಎಲ್ಲರೂ ಬಲ್ಲರು. ಇವನು ಬಿಟ್ಟುಕೊಂಡೇ ಕುಡಿಯುತ್ತಿದ್ದ. ದಾವಣಗೆರೆಯ ಆ ಹೈಸ್ಕೂಲಿನಲ್ಲಿ ಧರ್ಮ, ನೀತಿಯ ಪಾಠ ಅವನದು; ಪ್ರಾರ್ಥನೆಗೆ ಮಕ್ಕಳ ಎದುರು ನಿಲ್ಲುವುದೂ ಅವನದೇ. ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ? ಇದೂ ಇನ್ನೂ ಖಾಯಂ ಆಗಿರಲಿಲ್ಲ. ಈ ಪಾಠಕ್ಕೆ ನಿಷ್ಠೆಯಿದ್ದವರೇ ಬೇಕು, ಕಮಿಟಿಗೆ ನಿಮ್ಮ ಹೆಸರನ್ನೇ ಕಳಿಸುತ್ತೇನೆ ಎಂದು ಹೆಡ್ಮಾಸ್ತರ್ ಓಬಯ್ಯ ನಿನ್ನೆಯಷ್ಟೇ ಹೇಳಿದ್ದರು.

ದೇವರ ಮೇಲೆ ಅವನಿಗೆ ನಂಬಿಕೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಜಗಳಾಡಲು ಒಬ್ಬ ಸಿಗುತ್ತಿದ್ದ. ಕಣ್ಣು ಮುಚ್ಚಿದರೆ ಬರೀ ಕತ್ತಲೆ, ಅದರೊಳಗೆ ತಾನೊಬ್ಬನೇ. ಆ ಭಯಕ್ಕೆ ಬಿಟ್ಟುಕೊಂಡಿರುತ್ತಿದ್ದ. ಹರಿಹರದ ಮನೆಯಲ್ಲಿ ಹೆಂಡತಿ ಮೈಲಮ್ಮ ದೀಪ ಹಚ್ಚಿ ಕಣ್ಣು ಮುಚ್ಚಿದಾಗ ಪಕ್ಕದಲ್ಲಿ ನಿಂತು ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಇವನನ್ನು ಬಿಟ್ಟು ಎಲ್ಲಿಗೋ ಹೋಗಿರುತ್ತಿದ್ದಳು. ಹೊಟ್ಟೆಕಿಚ್ಚಾಗುತ್ತಿತ್ತು.

ಶನಿವಾರ, ಅರ್ಧ ದಿನದ ಶಾಲೆ. ಎಂಟನೇ ಕ್ಲಾಸಿಗೆ ಅವತ್ತು ಸತ್ಯದ ಪಾಠ. ಶುರುಮಾಡಿದರೆ ನಾಲಿಗೆ ತೊಡರಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಗುಲ್ಷನ್ ಪಕ್ಕದವಳ ಕಿವಿಯಲ್ಲಿ ಏನೋ ಅಂದರೆ ತನ್ನದೇ ಸುದ್ದಿ ಅನ್ನಿಸಿತು. ಬಾಗಿಲ ಮುಂದೆ ಓಬಯ್ಯ ಹಾದುಹೋದಾಗ ಬೋರ್ಡಿನತ್ತ ತಿರುಗಿಕೊಂಡ. ಕೆಲಸ ಹೋದರೆ ಹೋಗಲಿ, ಮೈಲಮ್ಮನಿಗೆ ಗೊತ್ತಾದರೆ?

ಗಂಟೆ ಹೊಡೆದ ಮೇಲೆ ಗುಲ್ಷನಳನ್ನು ವರಾಂಡಕ್ಕೆ ಕರೆದ. ಹತ್ತಿರ ಬಂದರೆ ಹುರಿದ ಅಕ್ಕಿಯ ವಾಸನೆ. ಅವಳ ತಾಯಿ ಖತೀಜಾಬೀ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವಳು.

"ಪ್ರಾರ್ಥನೆಯಾಗ ಯಾಕವ್ವ ಕಣ್ಣು ಬಿಟ್ಕಂಡಿದ್ದೆ?"

"ರೂಢಿ ಆಗೇತ್ರಿ ಸಾ. ಎಲ್ಲಾರೂ ನಮಾಜಿಗೆ ನಿಂತ್ರೆ ಭಟ್ಟಿ ಬೆಂಕಿ ಯಾರು ನೋಡ್ಬೇಕು ಅಂತಾಳ್ರಿ ಅಮ್ಮ. ಅದ್ಕ ನಾನು ಒಲೆ ಮುಂದೆ ಕುಂತಿರ್ತೀನಿ." ಮುಖ ಎತ್ತಿ ಕೇಳಿದಳು, "ನೀವೂ ಕಾಯ್ತಿದ್ರಿ ಅಲ್ರಿ?"

"ಯಾರು ಬರ್ತಾರಂತ ಕಾಯ್ಲವ್ವ?"

"ಬರೋರನ್ನಲ್ರಿ." ನಕ್ಕಳು. "ನಮ್ಮನ್ನ."

ಇಲ್ಲ ಅನ್ನಬೇಕಿತ್ತು. ಈಗಷ್ಟೇ ಸತ್ಯದ ಪಾಠ ಹೇಳಿ ಬಂದವನು. ಆದರೆ ಆ ಮುಖ ನೋಡಿ ಹೇಗೆ ಅನ್ನುವುದು? ಹುಟ್ಟಿದಾಗಿನಿಂದ ಅವನ ಬಗ್ಗೆ ಇಷ್ಟು ಒಳ್ಳೆಯದನ್ನು ಯಾರೂ ಎಣಿಸಿರಲಿಲ್ಲ.

"ಹೂಂ" ಅಂದ.

"ಹಂಗಾರೆ ಇನ್ಮ್ಯಾಲೆ ನಾನೂ ಮುಚ್ಕಂತೀನ್ರಿ ಸಾ. ನೀವು ಅದೀರಲ್ಲ."

ಹಗುರಾಗಿ ಓಡಿಹೋದಳು. ಅವಳು ಯಾರಿಗೂ ಹೇಳುವುದಿಲ್ಲ, ಹೇಳಿದರೂ ಹೊಗಳಿಯೇ ಹೇಳುತ್ತಾಳೆ. ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಶಾಲೆ ಬಿಡುವ ಮುಂಚೆ ಮತ್ತೊಂದು ಪ್ರಾರ್ಥನೆ. ಬಿಸಿಲು ನೆತ್ತಿಗೇರಿತ್ತು. ಗುಲ್ಷನ್ ಒಮ್ಮೆ ಅವನತ್ತ ನೋಡಿ ಕಣ್ಣು ಮುಚ್ಚಿದಳು. ಮೊದಮೊದಲು ರೆಪ್ಪೆ ಅದುರಿದವು, ಹುಬ್ಬು ಗಂಟಾಯಿತು. ಆಮೇಲೆ ಮುಖ ಸಡಿಲವಾಯಿತು, ದೀಪದ ಮುಂದಿನ ಮೈಲಮ್ಮನ ಮುಖದ ಹಾಗೆ. ಅವಳೂ ಹೋದಳು.

ಗಾಳಿ ಎದ್ದು ಮೈದಾನದ ಧೂಳು ಕಣ್ಣಿಗೆ ಬಡಿಯಿತು. ಉರಿದು ನೀರು ಬಂತು. ಎಷ್ಟೋ ವರ್ಷಗಳ ಮೇಲೆ ಕಣ್ಣು ಮುಚ್ಚಬೇಕು ಅನ್ನಿಸಿತು, ನಿಜವಾಗಿ ಮುಚ್ಚಬೇಕು. ಈಗ ಮುಚ್ಚುವಂತಿರಲಿಲ್ಲ. ಇನ್ನು ಯಾರಾದರೂ ಒಬ್ಬರು ಬಿಟ್ಟಿದ್ದಾರೇನೋ ಎಂದು ಸಾಲು ಸಾಲಾಗಿ ಹುಡುಕಿದ. ಓಬಯ್ಯನವರದೂ ಮುಚ್ಚಿತ್ತು. ಹತ್ತಿ ಮಿಲ್ಲಿನ ಸೈರನ್ ಕೂಗಿತು. ಯಾರೂ ಅಲುಗಲಿಲ್ಲ.

ಮಕ್ಕಳ ಬೆನ್ನ ಹಿಂದೆ ಗೇಟು ಹಾರುಹೊಡೆದಿತ್ತು. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮಲ್ಲೇಶಪ್ಪ ಆ ಕಡೆಗೇ ನೋಡುತ್ತ ಕಾಯುತ್ತಿದ್ದ.